ಒಂದು ಗಂಟು ಎರಡಾಗಿ ಕಂಡಾಗ

ಬಳ್ಳಾರಿಯ ಬೈಪಾಸ್ ಪಕ್ಕದ ಆ ಪ್ರಯೋಗಾಲಯದಲ್ಲಿ ನಾನು ಮೊದಲು ಕಲಿತ ಕೆಲಸ ಕಿಟಕಿ ಮುಚ್ಚುವುದು. ಗಣಿಗಳು ಹಗಲಿರುಳೂ ನಡೆಯುತ್ತಿದ್ದ ವರ್ಷಗಳು ಅವು. ಅದಿರು ಹೊತ್ತ ಲಾರಿಗಳು ಒಂದರ ಬಾಲ ಹಿಡಿದು ಒಂದು ಹೋಗುತ್ತಿದ್ದವು. ಟೇಬಲ್ ಮೇಲಿನ ಚಹಾ ಲೋಟದಲ್ಲಿ ಅಲೆ ಏಳುತ್ತಿತ್ತು. ಊಟ ಮಾಡಿದರೆ ಹಲ್ಲಿಗೆ ಧೂಳು ಸಿಗುತ್ತಿತ್ತು. ಅಂಥ ಜಾಗದಲ್ಲಿ ನಾವು ಲೇಸರ್ ಇಟ್ಟುಕೊಂಡು ಮನುಷ್ಯರ ಮೈಯೊಳಗಿನ ರಕ್ತನಾಳಗಳ ಚಿತ್ರ ತೆಗೆಯಲು ಕೂತಿದ್ದೆವು.

ಈಗ ನಿವೃತ್ತಳಾಗಿ ಗಾಂಧಿನಗರದ ಮನೆಯಲ್ಲಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬಂದು, ಯಾವ ಪುಸ್ತಕ ಓದಬೇಕು ಮೇಡಂ ಎಂದು ಕೇಳುತ್ತಾರೆ. ಹೆಸರುಗಳನ್ನು ಹೇಳುತ್ತೇನೆ. ಆದರೆ ಪುಸ್ತಕದೊಳಗೆ ಧೂಳು ಬೀಳುವುದಿಲ್ಲ, ಕರೆಂಟು ಹೋಗುವುದಿಲ್ಲ, ಮೇಲಿನವರಿಗೆ ಸಿಟ್ಟು ಬರುವುದಿಲ್ಲ. ಅವೆಲ್ಲ ಇದ್ದಾಗಲೂ ಹಟ ಬಿಡದೆ ಕೆಲಸ ಮಾಡುವುದು ಹೇಗೆ ಎಂಬುದನ್ನು ನನಗೆ ಕಲಿಸಿದವು ನಾಲ್ಕಾರು ಘಟನೆಗಳು. ಅವನ್ನೇ ಬರೆಯುತ್ತೇನೆ.

ಮೊದಲು ನಮ್ಮ ಯಂತ್ರದ ವಿಷಯ. ಫೋಟೋಅಕೌಸ್ಟಿಕ್ ಎಂಬ ದೊಡ್ಡ ಹೆಸರಿದ್ದರೂ ಅದರ ಒಳಗುಟ್ಟು ಸರಳ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಲೇಸರ್ ಬೆಳಕನ್ನು ಮೈಮೇಲೆ ಬಿಡುತ್ತೇವೆ. ಒಳಗಿನ ರಕ್ತ ಆ ಬೆಳಕನ್ನು ಹೀರಿ, ನಮಗೆ ಗೊತ್ತೇ ಆಗದಷ್ಟು ಬಿಸಿಯಾಗಿ, ಹಿಗ್ಗುತ್ತದೆ. ಹಿಗ್ಗಿದಾಗ ಸಣ್ಣ ಸದ್ದು ಹೊರಡುತ್ತದೆ. ಕಿವಿಗೆ ಕೇಳದ ಆ ಸದ್ದನ್ನು ಬಳೆಯ ಹಾಗೆ ಸುತ್ತ ಜೋಡಿಸಿದ ಸೆನ್ಸರ್‌ಗಳು ಹಿಡಿಯುತ್ತವೆ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತೆಂದು ನೋಡಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಹೇಳುತ್ತೇವಲ್ಲ, ಅದೇ ಲೆಕ್ಕ. ಕ್ಯಾನ್ಸರ್ ಗಂಟು ತನ್ನ ಸುತ್ತ ರಕ್ತನಾಳಗಳನ್ನು ಸೇರಿಸಿಕೊಳ್ಳುತ್ತದೆ. ಹಾಗಾಗಿ ಅದರಿಂದ ಸದ್ದು ಜೋರಾಗಿ ಬರುತ್ತದೆ. ಹೆಂಗಸರ ಎದೆಯ ಗಂಟುಗಳನ್ನು ಹೀಗೆ ನೋಡಲು ಸಾಧ್ಯವೇ ಎಂಬುದು ನಮ್ಮ ಪ್ರಶ್ನೆ. ದೊಡ್ಡ ದೊಡ್ಡ ದೇಶಗಳಲ್ಲಿ ಇದೇ ಕೆಲಸ ನಡೆದಿತ್ತು. ನಮ್ಮದು ಒಂದು ಕೊಠಡಿಯ ಸಾಹಸ.

ಮುಖ್ಯಸ್ಥರು ರುದ್ರಗೌಡ ಸರ್. ಭೌತಶಾಸ್ತ್ರ ಅರೆದು ಕುಡಿದವರು, ಬಿಳಿ ಅಂಗಿ ಬಿಟ್ಟು ಬೇರೆ ಹಾಕದವರು, ತಾಳ್ಮೆ ಮಾತ್ರ ಕಡಿಮೆ. ಕಂಪ್ಯೂಟರಿನಲ್ಲಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದವನು ಮೋಕ ಎಂಬ ಊರಿನ ವೆಂಕಟೇಶ. ಯಂತ್ರ ಜೋಡಿಸುವುದು, ಅಳೆಯುವುದು, ಬಂದ ಹೆಂಗಸರ ಜತೆ ಮಾತಾಡುವುದು ನನ್ನ ಪಾಲಿನ ಕೆಲಸ.

ಮೊದಲ ಪೆಟ್ಟು ಬಿದ್ದದ್ದು ಧೂಳಿನಿಂದ. ಪರೀಕ್ಷೆಗೆಂದು ಮೈಯ ಬದಲು ಅಗರ್ ಎಂಬ ಪಾಚಿಯ ಜೆಲ್ಲಿ ಮಾಡಿ, ಅದರೊಳಗೆ ರಕ್ತನಾಳದ ಬದಲು ಒಂದು ಕಪ್ಪು ದಾರವಿಟ್ಟು ನೀರಿನ ತೊಟ್ಟಿಗಿಳಿಸಿ ಚಿತ್ರ ತೆಗೆದೆವು. ದಾರ ಕಾಣಿಸಿತು, ಅದರ ಸುತ್ತ ಅಮಾವಾಸ್ಯೆಯ ಆಕಾಶದಂತೆ ಚುಕ್ಕಿಗಳೂ ಕಾಣಿಸಿದವು. ಪ್ರೋಗ್ರಾಂ ತಪ್ಪಾಗಿದೆ ಎಂದು ಸರ್ ವೆಂಕಟೇಶನ ಮೇಲೆ ಹರಿಹಾಯ್ದರು. ಪಾಪ, ಅವನು ಸಾಲುಸಾಲಾಗಿ ಹುಡುಕಿದ. ಸೆನ್ಸರ್ ಕೆಟ್ಟಿದೆ ಎಂದು ನಾನು ಎಲ್ಲವನ್ನೂ ಬಿಚ್ಚಿ ಜೋಡಿಸಿದೆ. ಏನೂ ಸಿಗಲಿಲ್ಲ. ಕೊನೆಗೆ ತೊಟ್ಟಿಯ ನೀರು ಚೆಲ್ಲಿ ತಳವನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕೆಂಪಾಯಿತು. ಅದಿರಿನ ಪುಡಿ! ಕಬ್ಬಿಣದ ಆ ಪುಡಿ ಬೆಳಕನ್ನು ಗಟಗಟ ಕುಡಿಯುತ್ತದೆ. ನೀರಿನಲ್ಲಿ ತೇಲುತ್ತಿದ್ದ ಒಂದೊಂದು ಕಣವೂ ನಾನಿಲ್ಲಿದ್ದೇನೆ ಎಂದು ಕೂಗಿತ್ತು.

"ಊರಾಗಿನ ಧೂಳೆಲ್ಲ ನಮ್ಮ ತೊಟ್ಟಿಗೇ ಬಂದೈತಲ್ರೀ ಮೇಡಂ," ಎಂದು ವೆಂಕಟೇಶ ತಲೆ ಮೇಲೆ ಕೈಹೊತ್ತು ಕೂತ. ಅಂದಿನಿಂದ ನೀರನ್ನು ಸೋಸುವುದು, ತೊಟ್ಟಿಗೆ ಮುಚ್ಚಳ ಹಾಕುವುದು ಶುರುವಾಯಿತು. ಲೆಕ್ಕವನ್ನು ಬೈಯುವ ಮೊದಲು ಪಾತ್ರೆ ತೊಳೆಯಿರಿ ಎಂದು ನಾನು ಈಗಲೂ ಹೇಳುತ್ತೇನೆ.

ಎರಡನೆಯ ಪೆಟ್ಟು ಬಿಸಿಲಿನದು. ಚಳಿಗಾಲದಲ್ಲಿ ಚೊಕ್ಕವಾಗಿ ಚುಕ್ಕಿಯಾಗಿ ಕಂಡ ದಾರದ ತುದಿ, ಮೇ ತಿಂಗಳ ಮಧ್ಯಾಹ್ನ ಸಣ್ಣ ಬಳೆಯಾಗಿ ಕಂಡಿತು. ದಾರ ಅದೇ, ಪ್ರೋಗ್ರಾಂ ಅದೇ. ಬದಲಾದದ್ದು ನೀರು. ಕರೆಂಟು ಹೋಗಿ ಎ.ಸಿ. ನಿಂತಿತ್ತು, ನೀರು ಕಾದಿತ್ತು. ಕಾದ ನೀರಿನಲ್ಲಿ ಸದ್ದು ಬೇಗ ಓಡುತ್ತದೆ. ನಾವು ಲೆಕ್ಕದಲ್ಲಿ ಹಿಡಿದದ್ದು ತಣ್ಣೀರಿನ ವೇಗ. ಬೇಗ ಬಂದ ಸದ್ದನ್ನು ಕಂಪ್ಯೂಟರು ಹತ್ತಿರದಿಂದ ಬಂದದ್ದೆಂದು ತಿಳಿದು ಚುಕ್ಕಿಯನ್ನು ಎಲ್ಲ ದಿಕ್ಕಿಗೂ ಎಳೆದಿತ್ತು.

ಇದಕ್ಕೆ ವೆಂಕಟೇಶ ಚೆಂದದ ಉಪಾಯ ಮಾಡಿದ. ಒಂದೇ ವೇಗ ನಂಬಿ ಕೂರುವ ಬದಲು, ಕಂಪ್ಯೂಟರು ಹಲವು ವೇಗಗಳನ್ನು ಹಾಕಿ ನೋಡಿ, ಯಾವುದರಲ್ಲಿ ಚಿತ್ರ ಅತಿ ಚೂಪಾಗುತ್ತದೋ ಅದನ್ನು ಆರಿಸಬೇಕು. ಬಳೆ ಮತ್ತೆ ಚುಕ್ಕಿಯಾಯಿತು. ರುದ್ರಗೌಡ ಸರ್ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದರು.

"ಮುಗೀತಲ್ರೀ! ವೇಗದ ತಕರಾರು ಇವತ್ತಿಗೆ ಖಲಾಸ್," ಎಂದರು.

ನನಗೆ ಸಮಾಧಾನವಾಗಲಿಲ್ಲ. ತೊಟ್ಟಿಯಲ್ಲಿರುವುದು ಬರೀ ನೀರು, ಎಲ್ಲೆಡೆ ವೇಗ ಒಂದೇ. ಮೈ ಹಾಗಲ್ಲ. ಕೊಬ್ಬಿನಲ್ಲಿ ಸದ್ದು ನಿಧಾನ, ಗಟ್ಟಿ ಮಾಂಸದಲ್ಲಿ ಜೋರು. ಬಿಸಿಯಾದರೆ ನೀರಿನ ವೇಗ ಏರುತ್ತದೆ, ಕೊಬ್ಬಿನದು ಇಳಿಯುತ್ತದೆ. ಎರಡಕ್ಕೂ ಸೇರಿಸಿ ಒಂದೇ ಸಂಖ್ಯೆ ಹಿಡಿದರೆ ಯಾವುದಕ್ಕೆ ನ್ಯಾಯ ಸಿಕ್ಕೀತು? ಇದನ್ನು ಬಾಯಲ್ಲಿ ಹೇಳಿದರೆ ಸರ್ ಕೇಳುವವರಲ್ಲ. ಮಾಡಿ ತೋರಿಸಬೇಕಿತ್ತು.

ನಮ್ಮ ಊರು ಕುರುಗೋಡು. ಅಲ್ಲಿ ಬೆಟ್ಟದ ಕೆಳಗಿನ ಓಣಿಯಲ್ಲಿ ನನ್ನ ಮಾಮುವಿನ, ಎಂದರೆ ಸೋದರಮಾವನ, ಮಟನ್ ಅಂಗಡಿಯಿತ್ತು. ಒಂದು ಭಾನುವಾರ ಹೋಗಿ, "ಮಾಮೂ, ಅಗಲಕ್ಕ ಇರೋ ಕೊಬ್ಬಿನ ತುಂಡು ಬೇಕು. ತೂತು ಇರಬಾರದು, ದಪ್ಪ ಒಂದೇ ಸಮ ಇರಬೇಕು," ಎಂದೆ.

ಮಾಮು ಕತ್ತಿ ಕೆಳಗಿಟ್ಟರು. "ಏನಮ್ಮಾ ರಜಿಯಾ, ಏನ್ ಅಡಿಗಿ ಮಾಡಾಕಿ ಇದ್ರಾಗ?"

"ಅಡಿಗಿ ಅಲ್ಲ ಮಾಮೂ, ಫೋಟೋ ತೆಗೀಬೇಕು."

"ಯಾ ಅಲ್ಲಾ! ಕೊಬ್ಬಿನ ಫೋಟೋ ತೆಗಿಯಾಕ ಸರ್ಕಾರ ನಿನಗ ಪಗಾರ ಕೊಡ್ತೈತಾ?" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಕ್ಕರು. ಆದರೆ ತುಂಡನ್ನು ಮಾತ್ರ ನಾನು ಹೇಳಿದಂತೆಯೇ ಕೊಯ್ದುಕೊಟ್ಟರು.

ಸೋಮವಾರ ಅದನ್ನು ಜೆಲ್ಲಿಯ ಒಂದು ಪಕ್ಕಕ್ಕೆ ಸುತ್ತಿ ತೊಟ್ಟಿಗಿಳಿಸುತ್ತಿದ್ದಾಗ ರುದ್ರಗೌಡ ಸರ್ ಒಳಗೆ ಬಂದರು. ಮೊಟ್ಟೆಯನ್ನೂ ಮುಟ್ಟದ ಮನೆತನ ಅವರದು.

"ಏನ್ರೀ ಅದು?"

"ಕುರಿ ಕೊಬ್ಬು ಸರ್."

"ನನ್ನ ಲ್ಯಾಬಿನ್ಯಾಗ? ಸೋಮಾರ ದಿನ?" ಎಂದು ಬಾಗಿಲ ತನಕ ಹಿಂದೆ ಸರಿದರು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಅಲ್ಲಿಂದ, "ಏನ್ ಕಾಣ್ತೈತಿ, ಹೇಳ್ರಿ," ಎಂದರು. ಅವರ ಮೇಲೆ ನನಗಿದ್ದ ಗೌರವಕ್ಕೆ ಕಾರಣ ಅದೇ. ಅಸಹ್ಯಪಟ್ಟುಕೊಂಡರೂ ಹೊರಗೆ ಹೋಗಲಿಲ್ಲ.

ಕಂಡದ್ದು ಇದು: ಒಳಗಿದ್ದ ದಾರ ಒಂದೇ, ಪರದೆಯ ಮೇಲೆ ಎರಡು. ಕೊಬ್ಬಿನ ಮೂಲಕ ಬಂದ ಸದ್ದು ತಡವಾಗಿ ಬಂದು ದಾರವನ್ನು ಒಂದು ಕಡೆ ಇಟ್ಟಿತ್ತು. ಮತ್ತೊಂದು ಪಕ್ಕದಿಂದ ಬಂದ ಸದ್ದು ಇನ್ನೊಂದು ಕಡೆ ಇಟ್ಟಿತ್ತು. ವೆಂಕಟೇಶನ ಉಪಾಯದಿಂದ ಯಾವ ವೇಗ ಆರಿಸಿದರೂ ಒಂದು ಜಾಗ ಚೂಪಾದರೆ ಮತ್ತೊಂದು ಸೀಳಿತು.

"ಕುರಿ ಕೊಬ್ಬು ಬ್ಯಾರೆ, ಮನಷ್ಯಾರ ಮೈ ಬ್ಯಾರೆ. ಇಷ್ಟು ಫರಕ್ ಬರಂಗಿಲ್ಲ ಬಿಡ್ರಿ," ಎಂದು ಸರ್ ಕರ್ಚೀಫು ತೆಗೆಯದೆಯೇ ತೀರ್ಪು ಕೊಟ್ಟರು.

ಆ ತೀರ್ಪು ಹೆಚ್ಚು ದಿನ ಉಳಿಯಲಿಲ್ಲ. ಹಂಪಮ್ಮ ಬಂದಳು.

ಸಿರುಗುಪ್ಪದ ಹತ್ತಿರದ ಹಳ್ಳಿಯವಳು. ಭತ್ತದ ನಾಟಿ ಶುರುವಾದರೆ ಹೆಂಗಸರ ಗುಂಪು ಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ಹೋಗುವವಳು. ಗಂಡ ಈರಣ್ಣ ಅದಿರು ಲಾರಿಯ ಡ್ರೈವರ್. ಅವಳ ಎಡ ಎದೆಯಲ್ಲಿ ಗಂಟಿತ್ತು. ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಚಿಕಿತ್ಸೆ ನೋಡಿಕೊಳ್ಳುತ್ತಿದ್ದ ಸರ್ಜನ್ ಡಾ. ಶಶಿಕಲಾ, ಸಂಶೋಧನೆಗೆ ಒಪ್ಪುವ ರೋಗಿಗಳನ್ನು ನಮ್ಮ ಕಡೆ ಕಳಿಸುತ್ತಿದ್ದರು. ನಮ್ಮ ಚಿತ್ರವನ್ನು ನಂಬಿ ಚಿಕಿತ್ಸೆ ಮಾಡಬಾರದೆಂಬುದು ಎಲ್ಲರಿಗೂ ತಿಳಿದ ನಿಯಮ.

ನಮ್ಮ ಮಂಚಕ್ಕೆ ಒಂದು ಕಂಡಿಯಿತ್ತು. ಹೆಂಗಸರು ಬೋರಲು ಮಲಗಿ ಎದೆಯನ್ನು ಅದರೊಳಗೆ ಇಳಿಬಿಡಬೇಕು. ಕೆಳಗೆ ಬೆಚ್ಚನೆಯ ನೀರಿನ ತೊಟ್ಟಿ, ಅದರ ಸುತ್ತ ಸೆನ್ಸರ್ ಬಳೆ. ಇದನ್ನು ವಿವರಿಸುವಷ್ಟರಲ್ಲಿ ಹಲವರು ಎದ್ದು ಹೋಗುತ್ತಿದ್ದರು. ಹಂಪಮ್ಮ ಮಲಗಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿಕೊಂಡು, "ಯಕ್ಕಾ, ಎಮ್ಮಿ ಹಿಂಡೂವಾಗ ಅದಕ್ಕ ಹೆಂಗಾಗ್ತೈತಿ ಅಂತ ಇವತ್ತು ಗೊತ್ತಾತು ನೋಡ್ರಿ," ಎಂದಳು. ನಾನು ನಗು ತಡೆಯಲಾಗದೆ ಲೇಸರ್ ಬಟನ್ನಿನಿಂದ ಕೈ ತೆಗೆದೆ.

ಬಟ್ಟೆ ಉಟ್ಟುಕೊಳ್ಳುವಾಗ ಮಾತ್ರ ಅವಳ ದನಿ ತಗ್ಗಿತು. "ನಮ್ಮೂರಾಗ ಒಬ್ಬಾಕಿಗೆ ಪೂರ್ತಿ ತೆಗದ್ರು. ಕಂಕುಳಾಗಿನ ಗಂಟುನೂ ತೆಗದ್ರಂತ. ಆಕಿ ತೋಳು ಬಾತು ತೊಡಿಯಷ್ಟು ಆಗೈತಿ. ನನಗೂ ಹಂಗಾದ್ರ ನಾಟಿಗೆ ಹೆಂಗ್ ಹೋಗ್ಲಿ?"

"ಡಾಕ್ಟರು ನೋಡ್ತಾರವ್ವಾ," ಎಂದೆ.

ಮರುದಿನ ಚಿತ್ರ ಸಿದ್ಧವಾಯಿತು. ಒಂದಲ್ಲ, ಎರಡು ಗಂಟು, ಒಂದರಿಂದ ಒಂದು ಬೆರಳಗಲ ದೂರ. ರುದ್ರಗೌಡ ಸರ್ ಹಿರಿಹಿರಿ ಹಿಗ್ಗಿದರು. ಮಾಮೂಲಿ ಸ್ಕ್ಯಾನಿಂಗಿನಲ್ಲಿ ಒಂದು ಗಂಟು, ಪಕ್ಕದಲ್ಲಿ ಅಸ್ಪಷ್ಟ ನೆರಳು ಅಷ್ಟೇ ಕಂಡಿತ್ತು; ನಮ್ಮ ಯಂತ್ರ ಎರಡನೆಯದನ್ನು ಹಿಡಿದಿತ್ತು! ನಮ್ಮ ಕೆಲಸ ಪರಿಶೀಲಿಸಲು ಸಮಿತಿಯೊಂದು ಬರುವುದಿತ್ತು. ಅದಕ್ಕೆ ತೋರಿಸಲು ಇದಕ್ಕಿಂತ ಬೇಕೇ? ಹೆಮ್ಮೆ ತಡೆಯಲಾಗದೆ ಅವರು ಚಿತ್ರವನ್ನು ಡಾ. ಶಶಿಕಲಾ ಅವರಿಗೂ ತೋರಿಸಿದರು.

ಸಂಜೆ ಡಾಕ್ಟರು ನನಗೆ ಫೋನ್ ಮಾಡಿದರು. "ರಜಿಯಾ ಮೇಡಂ, ನಿಮ್ಮ ಫೋಟೋ ಮ್ಯಾಲೆ ಆಪರೇಷನ್ ಮಾಡಂಗಿಲ್ಲ, ನನಗ ಗೊತ್ತೈತಿ. ಆದ್ರ ನೋಡಿದ್ದನ್ನ ನೋಡಿಲ್ಲ ಅಂತ ಹೆಂಗ್ ಅಂದ್ಕೊಳ್ಳಿ? ನೆರಳು ನನ್ನ ಸ್ಕ್ಯಾನಿನ್ಯಾಗೂ ಐತಿ. ಅಷ್ಟು ದೊಡ್ಡವು ಎರಡು ಇದ್ರ ಪೂರ್ತಿ ತೆಗಿಯೋದ ಮೇಲು ಅನ್ನಿಸ್ತೈತಿ."

ನನ್ನ ಕಣ್ಣ ಮುಂದೆ ಬಂದದ್ದು ಕುರಿ ಕೊಬ್ಬು. "ಡಾಕ್ಟರೇ, ಆ ಎರಡು ಒಂದೇ ಇರಬಹುದು. ಹಂಪಮ್ಮಗ ಹೊರಗಿನ ಪಕ್ಕ ಕೊಬ್ಬು ದಪ್ಪ ಐತಿ. ನಮಗ ಸ್ವಲ್ಪ ಟೈಮ್ ಕೊಡ್ರಿ, ಅಳದು ನೋಡ್ತೀವಿ."

"ಬರೋ ಶುಕ್ರವಾರದ ತನಕ. ಅದಕ್ಕ ಮುಂದ ಒಂದು ದಿನಾನೂ ಕೊಡಂಗಿಲ್ಲ. ರೋಗ ನಮ್ಮ ಲೆಕ್ಕ ಮುಗೀಲಿ ಅಂತ ಕಾಯಂಗಿಲ್ಲ."

ಸರ್ ಮುಂದೆ ಹೋಗಿ, ಹಂಪಮ್ಮನನ್ನು ಇನ್ನೊಮ್ಮೆ ಕರೆಸಿ ಅಳೆಯಬೇಕು ಎಂದೆ. ಅವರ ಮುಖ ಬಿಗಿದುಕೊಂಡಿತು. ಹಾಗಿದ್ದರೂ ಕೊನೆಗೆ, "ಮಾಡ್ರಿ. ಆದ್ರ ತೊಟ್ಟಿಗೆ ಮತ್ತ ಏನೇನೂ ತಂದು ಹಾಕಬ್ಯಾಡ್ರಿ," ಎಂದರು.

ನಾವು ಮಾಡಬೇಕಾದದ್ದು ಇಷ್ಟು. ಬಳೆಯ ಒಂದು ಕಡೆ ಚಿಕ್ಕ ಸದ್ದು ಹೊರಡಿಸುವ ಸಾಧನ ಇಟ್ಟು, ಆ ಸದ್ದು ಎದೆಯನ್ನು ದಾಟಿ ಎದುರಿನ ಸೆನ್ಸರ್‌ಗಳಿಗೆ ಎಷ್ಟು ಹೊತ್ತಿಗೆ ತಲುಪುತ್ತದೆಂದು ಅಳೆಯುವುದು. ಸಾಧನವನ್ನು ಸುತ್ತಲೂ ಸರಿಸುತ್ತ ಎಲ್ಲ ದಿಕ್ಕಿನಿಂದಲೂ ಅಳೆದರೆ, ಒಳಗೆ ಎಲ್ಲಿ ಸದ್ದು ನಿಧಾನ, ಎಲ್ಲಿ ಜೋರು ಎಂಬ ನಕ್ಷೆ ಸಿಗುತ್ತದೆ. ಆಮೇಲೆ ಗಂಟಿನಿಂದ ಬಂದ ಸದ್ದನ್ನು ಆ ನಕ್ಷೆಯ ಪ್ರಕಾರ ಹಿಂದಕ್ಕೆ ನಡೆಸಬೇಕು. ಹೇಳುವುದು ಸುಲಭ. ಸಾಧನವನ್ನು ಹಿಡಿಯುವ ಪಟ್ಟಿ ನಮ್ಮಲ್ಲಿರಲಿಲ್ಲ. ಲೇತ್ ಅಂಗಡಿಯಲ್ಲಿ ನಿಂತು ಮಾಡಿಸಿದೆ. ಲಾರಿ ಹೋದಾಗಲೆಲ್ಲ ಅಳತೆ ಕದಲುತ್ತಿತ್ತು. ತೊಟ್ಟಿಯ ಕಾಲುಗಳ ಕೆಳಗೆ ಲಾರಿ ಟಯರಿನ ಹಳೇ ಟ್ಯೂಬು ಕತ್ತರಿಸಿ ಹಾಕಿದೆವು. ಅಲುಗಾಡಿಸಿದ್ದೂ ಲಾರಿಯೇ, ಕಾಪಾಡಿದ್ದೂ ಅದರ ಟ್ಯೂಬೇ ಎಂದು ವೆಂಕಟೇಶ ನಕ್ಕ.

ಹಂಪಮ್ಮ ಮತ್ತೊಮ್ಮೆ ಬರಬೇಕಿತ್ತು. ಬುಧವಾರ ಬೆಳಿಗ್ಗೆ ಬರುತ್ತೇನೆಂದವಳು ಮಧ್ಯಾಹ್ನವಾದರೂ ಬರಲಿಲ್ಲ. ದಾರಿಯಲ್ಲಿ ಲಾರಿ ಕೆಟ್ಟು ನಿಂತು ಬಸ್ಸುಗಳೆಲ್ಲ ಸಿಕ್ಕಿಬಿದ್ದಿವೆ ಎಂಬ ಸುದ್ದಿ ಬಂತು. ಇನ್ನು ಬರುವುದಿಲ್ಲವೆಂದು ವೆಂಕಟೇಶ ಯಂತ್ರ ಆರಿಸಲು ಹೊರಟಿದ್ದ. ಅಷ್ಟರಲ್ಲಿ ಗೇಟಿನ ಮುಂದೆ ಖಾಲಿ ಅದಿರು ಲಾರಿಯೊಂದು ನಿಂತಿತು. ಈರಣ್ಣ ಸುತ್ತಿನ ದಾರಿ ಹಿಡಿದು ಹೆಂಡತಿಯನ್ನು ತನ್ನ ಲಾರಿಯಲ್ಲೇ ಕರೆತಂದಿದ್ದ. ಹಂಪಮ್ಮ ಇಳಿದಾಗ ಹುಬ್ಬು, ಕೂದಲು, ಸೀರೆ ಎಲ್ಲ ಒಂದೇ ಬಣ್ಣ.

"ಬಂದ್ನಿ ನೋಡ್ರಿ ಯಕ್ಕಾ. ಅರ್ಧ ಗುಡ್ಡ ಮೈಮ್ಯಾಲೆ ಹೊತ್ಕೊಂಡು ಬಂದ್ನಿ."

ನಾನು ಅವಳನ್ನು ನೇರ ಬಚ್ಚಲಿಗೆ ಕರೆದುಕೊಂಡು ಹೋದೆ. ಬಿಸಿನೀರು, ಸೋಪು, ಮತ್ತೆ ಬಿಸಿನೀರು. ಬೆನ್ನಿಗೆ ನಾನೇ ನೀರು ಹಾಕಿದೆ. "ನನ್ನ ಅವ್ವ ಸತ್ತ ಮ್ಯಾಲೆ ಯಾರೂ ಹಿಂಗ ತಿಕ್ಕಿಲ್ಲ," ಎಂದಳು. ಆಮೇಲೆ ಅಳತೆ ತೆಗೆದೆವು. ಒಮ್ಮೆ ತೆಗೆದು, ತೊಟ್ಟಿಯ ನೀರೆಲ್ಲ ಬದಲಿಸಿ ಇನ್ನೊಮ್ಮೆ ತೆಗೆದೆವು. ಹಂಪಮ್ಮ ಕದಲದೆ ಮಲಗಿದ್ದಳು. ಈರಣ್ಣ ಹೊರಗೆ ಸ್ಟೂಲಿನ ಮೇಲೆ ಟವಲನ್ನು ಹಿಂಡುತ್ತ ಕೂತಿದ್ದ.

ಲೆಕ್ಕಕ್ಕೆ ಕಂಪ್ಯೂಟರು ಬಹಳ ಹೊತ್ತು ತೆಗೆದುಕೊಂಡಿತು. ನಡುವೆ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿತು. ವೆಂಕಟೇಶ ತನ್ನ ಮನೆಮಾತು ತೆಲುಗಿನಲ್ಲಿ ಏನೋ ಬೈದು, ಪ್ರೋಗ್ರಾಮನ್ನು ತುಂಡು ಮಾಡಿ, ಒಂದೊಂದು ತುಂಡು ಮುಗಿದಂತೆ ಉಳಿಸುವ ಹಾಗೆ ಬರೆದು ಮತ್ತೆ ಓಡಿಸಿದ. ಗುರುವಾರ ಮಧ್ಯಾಹ್ನ ಪರದೆಯ ಮೇಲೆ ಚಿತ್ರ ಬಂತು.

ಎರಡು ಗಂಟುಗಳು ಒಂದರೊಳಗೊಂದು ಸೇರಿ ಒಂದೇ ಗಂಟಾಗಿದ್ದವು. ಅಂಚು ಚೊಕ್ಕ, ಅದಕ್ಕೆ ಬಂದು ಸೇರುವ ರಕ್ತನಾಳಗಳು ಬೇರಿನ ಹಾಗೆ ಸ್ಪಷ್ಟ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ವೆಂಕಟೇಶ ಮಾತ್ರ ಪರದೆಗೆ ಮುಖ ಹತ್ತಿರ ಹಿಡಿದ. "ಮೇಡಂ, ಇದೇನಿದು?" ಎಂದ.

ಗಂಟಿನಿಂದ ಆಚೆ, ಕಂಕುಳಿನ ಕಡೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಚುಕ್ಕಿ. ಹಳೆಯ ಚಿತ್ರದಲ್ಲಿ ಆ ಜಾಗದಲ್ಲಿ ಬರೀ ಮಂಜಿತ್ತು. ಸಂತೋಷ ಅಲ್ಲೇ ಇಳಿದು ಹೋಯಿತು. ಒಂದೇ ಗಂಟು ಎಂದು ಹೇಳಬೇಕೆಂಬ ಆಸೆಯಿಂದ ಇಷ್ಟೆಲ್ಲ ಮಾಡಿದ್ದೆ. ಅದೇ ಲೆಕ್ಕ ಯಾರೂ ಕೇಳದ ಇನ್ನೊಂದನ್ನು ತೋರಿಸುತ್ತಿತ್ತು.

ರುದ್ರಗೌಡ ಸರ್ ಬಂದು ನೋಡಿದರು. "ಧೂಳಿರಬೇಕು. ಲಾರಿಯೊಳಗ ಬಂದಾಕಿ."

"ಧೂಳಾಗಿದ್ರ ಚರ್ಮದ ಮ್ಯಾಲೆ ಇರಬೇಕಿತ್ತು ಸರ್, ಇಲ್ಲಾ ನೀರಾಗ ಇರಬೇಕಿತ್ತು. ಇದು ಒಳಗ ಐತಿ. ನೀರು ಬದಲಿಸಿ ಎರಡು ಸಲ ತೆಗದೀವಿ, ಎರಡರಾಗೂ ಅಲ್ಲೇ ಐತಿ."

"ಅಲ್ರೀ ಮೇಡಂ, ಮೊದಲು ಎರಡು ಅಂದ್ವಿ. ಆಮ್ಯಾಲೆ ನೀವು ಒಂದೇ ಅಂದ್ರಿ. ಈಗ ಮತ್ತ ಎರಡು, ಅದೂ ಬ್ಯಾರೆ ಕಡೆ ಅಂತ ಹೇಳಿದ್ರ ಡಾಕ್ಟರ ಮುಂದ ನಮ್ಮ ಮರ್ಯಾದಿ ಏನ್ ಉಳೀತೈತಿ?"

"ಮರ್ಯಾದಿ ನಮ್ದು, ಮೈ ಆಕೀದು ಸರ್."

ಬಾಯಿಂದ ಬಂದ ಮೇಲೆ ನನಗೇ ಹೆದರಿಕೆಯಾಯಿತು. ಅವರ ಮುಂದೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಸರ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಫೋನೆತ್ತಿ ತಾವೇ ನಂಬರು ಒತ್ತಿದರು. "ಡಾಕ್ಟರೇ, ನಾನು ನಿಮಗ ತೋರಿಸಿದ ಫೋಟೋ ತಪ್ಪು ಇತ್ತು. ಈಗ ಒಂದು ಸಲ ಬಂದು ನೋಡ್ತೀರೇನು?"

ಡಾ. ಶಶಿಕಲಾ ಬಂದರು, ನೋಡಿದರು, ಚುಕ್ಕಿಯ ಜಾಗವನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು ಹೋದರು. ಶುಕ್ರವಾರ ಬೆಳಿಗ್ಗೆ ಮಾಮೂಲಿ ಸ್ಕ್ಯಾನಿಂಗನ್ನು ಅದೇ ಜಾಗಕ್ಕೆ ಇಟ್ಟು ಸಾವಧಾನವಾಗಿ ಹುಡುಕಿದರು. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಅದು ಸಿಕ್ಕಿತು. ಸೂಜಿ ಹಾಕಿದಾಗ ಅದೂ ಕ್ಯಾನ್ಸರೇ ಎಂದು ತಿಳಿಯಿತು. ಮೊದಲ ನೆರಳಿನ ಜಾಗಕ್ಕೆ ಹಾಕಿದ ಸೂಜಿಯಲ್ಲಿ ಬರೀ ಕೊಬ್ಬು ಬಂತು. ಚುಕ್ಕಿ ತೀರ ಸಣ್ಣದಾಗಿ, ಗಂಟಿರುವ ಬದಿಗೇ ಇದ್ದುದರಿಂದ ಆ ಒಂದು ಭಾಗವನ್ನಷ್ಟೇ ಸೇರಿಸಿ ತೆಗೆದರು. ಉಳಿದದ್ದು ಉಳಿಯಿತು. ಕಂಕುಳಿಗೆ ರೋಗ ಹಬ್ಬಿರಲಿಲ್ಲ. ಆಮೇಲೆ ಔಷಧ, ವಿಕಿರಣ ಎಂದು ಹಂಪಮ್ಮ ಬಹಳ ದಿನ ಒದ್ದಾಡಿದಳು. ಕೂದಲು ಉದುರಿತು. ಆದರೆ ಬದುಕಿದಳು.

ಸಮಿತಿ ಬಂದ ದಿನ ಸರ್ ಮೊದಲು ತಪ್ಪು ಚಿತ್ರವನ್ನೇ ತೋರಿಸಿದರು. "ಇದನ್ನ ನೋಡಿ ನಾನು ಹಿಗ್ಗಿದ್ದೆ," ಎಂದು ಬಂದವರ ಮುಂದೆ ಹೇಳಿ, ಪಕ್ಕದಲ್ಲಿ ಎರಡನೆಯದನ್ನಿಟ್ಟರು. ಮೆಚ್ಚಿದವರಿದ್ದರು, ಮೂಗು ಮುರಿದವರೂ ಇದ್ದರು. ಇಡೀ ಬಳೆಗೆ ಅಳತೆಯ ಸಾಧನವನ್ನು ಕಾಯಂ ಕೂರಿಸಿದೆವು. ಮೊದಲು ವೇಗದ ನಕ್ಷೆ, ಆಮೇಲೆ ಚಿತ್ರ ಎಂಬ ಕ್ರಮ ಬಂತು. ಈಗಿನ ಕಂಪ್ಯೂಟರುಗಳು ಆ ಲೆಕ್ಕವನ್ನು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತವೆ. ಅದರಿಂದಲೇ ಹೊಸಬರಿಗೆ ಅಪಾಯ ಹೆಚ್ಚು. ಚೂಪಾದ ಚಿತ್ರ ಸರಿಯಾದ ಚಿತ್ರವೇ ಆಗಿರಬೇಕೆಂದಿಲ್ಲ. ಸದ್ದು ಯಾವ ದಾರಿಯಲ್ಲಿ ಬಂತು, ಆ ದಾರಿಯನ್ನು ನೀವು ಅಳೆದಿರೋ, ಬರೀ ಊಹಿಸಿದಿರೋ, ಅದನ್ನು ಕೇಳಿಕೊಳ್ಳಿ.

ನಮ್ಮ ಯಂತ್ರ ಆಸ್ಪತ್ರೆಯ ವಾರ್ಡಿಗೆ ಕೊನೆಗೂ ಹೋಗಲಿಲ್ಲ. ಅದು ಪ್ರಯೋಗದ ಯಂತ್ರವಾಗಿಯೇ ಹಳತಾಯಿತು. ಆದರೂ ನಾನು ಅಲ್ಲಿದ್ದಷ್ಟು ಕಾಲ ಪರೀಕ್ಷೆಗೆ ಒಪ್ಪುವ ಹೆಂಗಸರ ಕೊರತೆ ಮತ್ತೆ ಆಗಲಿಲ್ಲ. ಕಾರಣ ಒಂದು ಬೆಳಿಗ್ಗೆ ಗೊತ್ತಾಯಿತು. ಬಾಗಿಲ ಹೊರಗೆ ಗದ್ದಲ ಕೇಳಿ ಇಣುಕಿದರೆ, ಬೆಂಚಿನ ಮೇಲೆ ಮೂವರು ಹೆಂಗಸರು ಸೆರಗು ಬಿಗಿಯಾಗಿ ಹೊದ್ದು ಕೂತಿದ್ದರು. ಅವರ ಎದುರು, ಹೊಸದಾಗಿ ಚಿಗುರಿದ ಮೋಟು ಕೂದಲಿಗೆ ಹೂ ನಿಲ್ಲದೆ ಕಿವಿಗೆ ಸಿಕ್ಕಿಸಿಕೊಂಡ ಹಂಪಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನೀರು ಬೆಚ್ಚಗಿರ್ತೈತಿ, ನೋಯಂಗಿಲ್ಲ, ನಾಚಿಕಿ ಒಂದು ಗಳಿಗಿ ಅಷ್ಟ. ಒಂದು ಮಾತು ನೆನಪಿಟ್ಕೊಳ್ರಿ. ಮೊದಲ್ನೇ ಫೋಟೋ ಬಂದ್ರ ನಂಬಬ್ಯಾಡ್ರಿ. ಯಕ್ಕ ಇನ್ನೊಮ್ಮಿ ಅಳೀತಾಳ. ಆಮ್ಯಾಲೆ ನಂಬ್ರಿ."

ನಾನು ಒಳಗೆ ಹೋಗಿ ತೊಟ್ಟಿಯನ್ನು ತೊಳೆದು ನೀರು ಬಿಡತೊಡಗಿದೆ.